ಎರಡಂಗುಲದ ಸೈನಿಕನಿಗೆ ಧೋತರ ಉಡಿಸುವ ಬಗೆ

ನೀರಿನ ಪೈಪು ಸೋರಿದಾಗ ಅಂಗಡಿಯಿಂದ ಎಂ-ಸೀಲ್ ತಂದು, ಅದರ ಎರಡು ತುಂಡುಗಳನ್ನು ಸಮನಾಗಿ ನಾದಿ ಮೆತ್ತುವುದು ಎಲ್ಲರೂ ಬಲ್ಲ ಕೆಲಸ. ಆ ಮುದ್ದೆ ಕಲ್ಲಿನಂತಾಗುವ ಮೊದಲು ಸುಮಾರು ಅರ್ಧ ಗಂಟೆ ನಾವು ಹೇಳಿದಂತೆ ಕೇಳುತ್ತದೆ. ಕಲಬುರಗಿ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಅಷ್ಟೂ ಸಿಗದು. ಆ ಹೊತ್ತಿನೊಳಗೆ ಎರಡಂಗುಲದ ಗೊಂಬೆಗೆ ಧೋತರ ಉಡಿಸಬಹುದು, ರುಮಾಲು ಸುತ್ತಬಹುದು, ಸೊಂಟಕ್ಕೆ ಕಠಾರಿ ಸಿಕ್ಕಿಸಬಹುದು. ಹೊರದೇಶಗಳಲ್ಲಿ ರೋಮನ್ ದಂಡಾಳುಗಳನ್ನೂ ನೆಪೋಲಿಯನ್ನನ ಸಿಪಾಯಿಗಳನ್ನೂ ಹೀಗೆ ಸಿದ್ಧಪಡಿಸುವ ಹವ್ಯಾಸಿಗಳು ಬಹಳ ಮಂದಿ ಇದ್ದಾರೆ.

ಹಾಗೆಂದು ಇದು ಪರದೇಶದ ವಿದ್ಯೆಯೇನಲ್ಲ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಮಾಡುತ್ತ ಬಂದಿರುವುದು ಹೆಚ್ಚುಕಡಿಮೆ ಇದನ್ನೇ. ಹಗುರ ಮರದಲ್ಲಿ ಅಂಗಾಂಗಗಳನ್ನು ಬೇರೆಬೇರೆಯಾಗಿ ಕೆತ್ತಿ ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಗರುಡನಿಗೆ 12 ಭಾಗ, ಪೀಠದ ಮೇಲೆ ಕುಳಿತ ಗಣಪತಿಗೆ 22. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಡನೆ ಕಲಸಿದರೆ 'ಕಿಟ್ಟ' ಸಿದ್ಧ. ಅದನ್ನು ಕೈಯಿಂದಲೇ ಮೈಗೆಲ್ಲ ಬಳಿದು, ಮೇಲೆ ಅರಿವೆಯ ತುಣುಕು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಕೊರಳ ಸರ, ನಡುಪಟ್ಟಿ, ತೋಳಬಂದಿ ಮುಂತಾದ ಉಬ್ಬು ಕೆಲಸವೆಲ್ಲ ಅಂಟಿನಲ್ಲಿ ಕಲಸಿದ ಕಲ್ಲಿನ ಪುಡಿಯದು. ಮೊದಲೆಲ್ಲ ನಾನಾ ಕಸುಬಿನ ಜನರ ಗೊಂಬೆಗಳಿಗೆ ಅಲ್ಲಿ ಬೇಡಿಕೆಯಿತ್ತು. ಈಗ ಕೊಳ್ಳುವವರು ಕೇಳುವುದು ದೇವರು, ಪ್ರಾಣಿ, ಪಕ್ಷಿಗಳನ್ನು. ಕಸುಬಿನವರ ಗೊಂಬೆ ಹೋದರೆ ಅವರ ಉಡುಪು, ಹತಾರಗಳ ನೆನಪೂ ಅದರ ಜೊತೆಗೇ ಹೋಗುತ್ತದೆ. ನಷ್ಟ ಬರೀ ಗೊಂಬೆಯದಲ್ಲ.

ಕುಂಚಾವರಂ ಕಾಡಿನ ಅಂಚಿನ ಶಾಲೆಯ ಹುಡುಗನೋ ಹುಡುಗಿಯೋ ಇದಕ್ಕೆ ಕೈ ಹಾಕುವುದಾದರೆ ಯಾವ ಸೈನಿಕನನ್ನು ಮಾಡಬೇಕು? ರೋಮಿಗೆ ಹೋಗುವ ಅಗತ್ಯವಿಲ್ಲ. ಪಕ್ಕದ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಆ ಮಾನ್ಯಖೇಟವೇ ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಅಲ್ಲಿಂದಲೇ ಆಳಿದ. ಅವನ ಕಾಲಾಳು ಏನು ಉಟ್ಟಿದ್ದ? ಟಿವಿ ಧಾರಾವಾಹಿ ನೋಡಿ ಮಾಡಿದರೆ ಫಳಫಳ ಹೊಳೆಯುವ ಲೋಹದ ಕವಚ ತೊಡಿಸುತ್ತೀರಿ. ವೀರಗಲ್ಲು ಬೇರೆ ಕಥೆ ಹೇಳುತ್ತದೆ. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವಿರುತ್ತದೆ. ಅಲ್ಲಿನ ವೀರ ಹೆಚ್ಚಾಗಿ ಬರಿಮೈಯವನು. ತೊಡೆಗೆ ಬಿಗಿದ ಗಿಡ್ಡ ಬಟ್ಟೆ, ಸೊಂಟದ ಕಟ್ಟು, ಕಠಾರಿ, ಬಿಲ್ಲು ಅಥವಾ ಕತ್ತಿ-ಗುರಾಣಿ, ಅಷ್ಟೇ. ಎಷ್ಟೋ ಊರುಗಳಲ್ಲಿ ಇಂಥ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗಿದೆ. ಅದು ಸವೆಯುವ ಮುನ್ನ ಎದುರಿಗೆ ಕುಳಿತು ಚಿತ್ರ ಬರೆದುಕೊಳ್ಳಿ.

ಇನ್ನು ಕೆಲಸ. ಬೈಂಡಿಂಗ್ ತಂತಿಯನ್ನು ಜೋಡಿಯಾಗಿ ಹೊಸೆದು ಅಸ್ಥಿಪಂಜರ ಮಾಡಿ. ಹೊಸೆದ ತಂತಿಗೆ ಮುದ್ದೆ ಚೆನ್ನಾಗಿ ಹಿಡಿಯುತ್ತದೆ, ಜಾತ್ರೆಯ ಮೆತ್ತನೆ ಪ್ಲಾಸ್ಟಿಕ್ ಸಿಪಾಯಿಗೆ ಅಷ್ಟು ಹಿಡಿಯದು. ಕೆಲಸದ ಹಲಗೆಗೆ ನುಣುಪಾದ ಶಹಾಬಾದ್ ಫರ್ಸಿಯ ತುಂಡು ಸಾಕು. ಮೊದಲು ಬರಿಮೈ ಮಾಡಿ ಒಂದು ದಿನ ಬಿಡಿ. ನಂತರ ಒಳಗಿನ ಬಟ್ಟೆ, ಅದರ ಮೇಲೆ ನಡುಕಟ್ಟು, ಕಡೆಗೆ ಒರೆ, ಗುರಾಣಿ. ಒಂದೊಂದೂ ಗಟ್ಟಿಯಾದ ಮೇಲೆಯೇ ಮುಂದಿನದು. ಆತುರಪಟ್ಟರೆ ಕಠಾರಿ ಒತ್ತುವಾಗ ಧೋತರವೇ ಜಜ್ಜಿಹೋಗುತ್ತದೆ.

ಇಲ್ಲಿ ಸ್ವಲ್ಪ ಗಣಿತ ಬೇಕು. ಐದಡಿ ಎಂಟಂಗುಲದ ಆಳನ್ನು 54 ಮಿಲಿಮೀಟರಿಗೆ ಇಳಿಸಿದರೆ ಅವನು 32ರಲ್ಲಿ ಒಂದು ಪಾಲಾಗುತ್ತಾನೆ. ಗೊಂಬೆಯ ಮೇಲೆ ಒಂದು ಮಿಲಿಮೀಟರ್ ದಪ್ಪ ಮುದ್ದೆ ಕೂತರೆ ನಿಜದ ಲೆಕ್ಕದಲ್ಲಿ ಅದು 32 ಮಿಲಿಮೀಟರ್, ಅಂದರೆ ಅಂಗುಲಕ್ಕೂ ಮಿಕ್ಕಿದ ದಪ್ಪ. ಪಾಪ, ಸೈನಿಕ ಕೌದಿ ಸುತ್ತಿಕೊಂಡು ಯುದ್ಧಕ್ಕೆ ಹೊರಟಂತೆ! ಆದ್ದರಿಂದ ಫರ್ಸಿಯ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಮುದ್ದೆಯನ್ನು ಹಪ್ಪಳದಂತೆ ಆದಷ್ಟು ತೆಳ್ಳಗೆ ಲಟ್ಟಿಸಿ, ಅಂಚು ಕತ್ತರಿಸಿ ಸುತ್ತಬೇಕು. ನೆರಿಗೆ ಮೂಡಿಸಲು ಒದ್ದೆ ಮಾಡಿದ ದಪ್ಪ ಸೂಜಿಯ ಮೊಂಡು ತುದಿ ಸಾಕು. ಒದ್ದೆಯಿದ್ದರೆ ಅಂಟುವುದಿಲ್ಲ. ನೆರಿಗೆ ಮನಬಂದಲ್ಲಿ ಬೀಳುವುದಿಲ್ಲ, ಬಟ್ಟೆ ಎಲ್ಲಿ ಬಿಗಿದಿದೆಯೋ ಅಲ್ಲಿಂದ ಹರಡುತ್ತದೆ. ಇದನ್ನು ಕಲಿಯಲು ಪುಸ್ತಕ ಬೇಡ. ಮನೆಯಲ್ಲಿ ಧೋತರ ಉಡುವ ಮುತ್ಯಾ ಇದ್ದರೆ, ಅವರು ಕಚ್ಚೆ ಸಿಕ್ಕಿಸಿ ಕಟ್ಟೆಯ ಮೇಲೆ ಕೂತಾಗ ಮೊಣಕಾಲ ಸುತ್ತ ಗೆರೆಗಳು ಹೇಗೆ ಎಳೆದುಕೊಂಡಿವೆ ನೋಡಿ. ತಾಂಡಾದ ಹಿರಿಯ ಹೆಂಗಸರ ಪೇಟಿಯಾ, ಕಾಂಚಳಿ ಇದಕ್ಕಿಂತ ಕಠಿಣ ಪಾಠ. ಅಲ್ಲಿನ ಕನ್ನಡಿ, ನಾಣ್ಯಗಳನ್ನು ಸಾಸಿವೆಗಿಂತ ಸಣ್ಣ ಉಂಡೆಗಳನ್ನು ಒತ್ತಿಯೇ ತೋರಿಸಬೇಕು.

ಪಾಲಕರಿಗೆ ಎರಡು ಮಾತು. ಹಸಿ ಮುದ್ದೆ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ತೆಳು ಕೈಗವಸು ಹಾಕಿಸಿ, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಸಿ, ಚಿಕ್ಕ ಮಕ್ಕಳ ಬಾಯಿಗೆ ಸಿಗದಂತೆ ಇಡಿ. ಗಟ್ಟಿಯಾದದ್ದನ್ನು ಉಜ್ಜುವುದಾದರೆ ನೀರು ಹಚ್ಚಿಯೇ ಉಜ್ಜಲಿ, ಧೂಳು ಉಸಿರಿಗೆ ಹೋಗಬಾರದು. ಹತ್ತನೇ ತರಗತಿಯ ವರ್ಷ ಇದೆಲ್ಲ ಯಾಕೆ ಎನ್ನುವವರಿಗೆ ಹೇಳಬೇಕಾದ್ದು ಇಷ್ಟೇ: ಮೇಲಿನ 32ರ ಲೆಕ್ಕವನ್ನು ಮಗುವಿನ ಕೈಯಲ್ಲಿ ಒಮ್ಮೆ ಮಾಡಿಸಿ ನೋಡಿ.

ಮೊದಲ ಸಲ ಮಾಡುವವರಿಗೆ ಒಂದು ಸುಲಭ ವಿಷಯವಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಸುಮಾರು 949ರ ಆತಕೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ್ದು ಅದು. ಹಂದಿ, ನಾಯಿ ಎರಡಕ್ಕೂ ಬಟ್ಟೆ ಉಡಿಸುವ ಗೊಡವೆಯಿಲ್ಲ. ಬಾಲಕ್ಕೆ ಮಾತ್ರ ಒಳಗೆ ತಂತಿ ಇರಲಿ, ಇಲ್ಲದಿದ್ದರೆ ಮೊದಲು ಮುರಿಯುವುದು ಅದೇ.