ಗುಡ್ಡದ ಓಟದ ಫಾರ್ಮಿಗೆ ಸಹಿ ಹಾಕುವ ಮುನ್ನ

‘ಗುಡ್ಡದ ಓಟ ಐತಂತವ್ವಾ, ಹೆಸರು ಕೊಟ್ಟು ಬಂದೀನಿ, ಇಲ್ಲೊಂದು ಸಹಿ ಹಾಕು’ ಎಂದು ಮಗಳು ಫಾರ್ಮು ಹಿಡಿದು ನಿಂತರೆ ನೀವೇನು ಮಾಡುತ್ತೀರಿ? ಹಂಚಿನ ಮೇಲೆ ರೊಟ್ಟಿ, ಕೈಯೆಲ್ಲ ಹಿಟ್ಟು. ಓದದೇ ಗೀಚಿ ಕೊಡುವವರೇ ಹೆಚ್ಚು. ಆ ಫಾರ್ಮಿನ ಕೆಳತುದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಯಾವುದೇ ಅನಾಹುತಕ್ಕೆ ಸಂಘಟಕರು ಜವಾಬ್ದಾರರಲ್ಲ’ ಎಂದಿರುತ್ತದೆ. ಆ ಒಂದು ಸಾಲಿಗೆ ಎಷ್ಟು ಬೆಲೆ ಎಂಬುದು ನಿಮಗೆ ಗೊತ್ತಿರಬೇಕು.

ಗುಡ್ಡದ ಓಟ ಹೊಸ ಹುಚ್ಚೇನಲ್ಲ. ಉತ್ತರ ಇಂಗ್ಲೆಂಡಿನ ಬೋಳು ಬೆಟ್ಟಗಳನ್ನು ಅಲ್ಲಿಯವರು ‘ಫೆಲ್’ ಎನ್ನುತ್ತಾರೆ. ಅವುಗಳ ಮೇಲೆ ಓಡುವುದೇ ಫೆಲ್ ರನ್ನಿಂಗ್. ಓಡುವವರು ಮಳೆಗಾಳಿ ತಡೆಯುವ ಅಂಗಿ, ನಕ್ಷೆ, ದಿಕ್ಸೂಚಿ, ಸೀಟಿ, ತಿನ್ನಲು ಒಂದಿಷ್ಟು ಒಯ್ಯಬೇಕೆಂಬ ನಿಯಮ ಅಲ್ಲಿದೆ. ಮಕ್ಕಳಿಗೆ ವಯಸ್ಸಿಗೆ ತಕ್ಕಷ್ಟೇ ದೂರ. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಂಡ ನಿಯಮ ತೀರಾ ಸರಳ: ಹೋದವರೆಷ್ಟು, ಬಂದವರೆಷ್ಟು ಎಂದು ಎಣಿಸುವುದು. ನಡುವೆ ಸುಸ್ತಾಗಿ ಬಿಟ್ಟವರೂ ಬಂದು ಹೇಳಿಯೇ ಮನೆಗೆ ಹೋಗಬೇಕು. 2012ರಲ್ಲಿ ಅಲ್ಲಿನ ಲೇಕ್ ಡಿಸ್ಟ್ರಿಕ್ಟ್‌ನ ಒಂದು ಓಟದಲ್ಲಿ ಒಬ್ಬರು ಹಿಂತಿರುಗಿಲ್ಲ ಎಂಬುದೇ ತಡವಾಗಿ ಗೊತ್ತಾಯಿತು. ಅವರು ಬೆಟ್ಟದಲ್ಲೇ ತೀರಿಕೊಂಡರು. ಸಂತೆಗೆ ಕರೆದೊಯ್ದ ಮಕ್ಕಳನ್ನು ನಾವು ಹತ್ತು ಸಲ ಎಣಿಸುವುದಿಲ್ಲವೇ?

ಅಲ್ಲಿ ಚಳಿ ಕೊಲ್ಲುತ್ತದೆ, ನಮ್ಮಲ್ಲಿ ಬಿಸಿಲು. ಬಳ್ಳಾರಿ ಗುಡ್ಡವಿರಲಿ, ಕುರುಗೋಡಿನ ಗುಡ್ಡವಿರಲಿ, ಒಂಬತ್ತು ಗಂಟೆ ದಾಟಿತೆಂದರೆ ಬಂಡೆ ಕಾದ ಹಂಚೇ ಸರಿ. ಸಿರುಗುಪ್ಪದ ಕಡೆ ಕಾಲುವೆ ಏರಿಯ ಮೇಲೆ, ಭತ್ತದ ಗದ್ದೆ ಬದಿಯ ಸಮತಟ್ಟು ದಾರಿಯಲ್ಲಿ ಓಡಿ ರೂಢಿಯಾದ ಹುಡುಗಿ ‘ಹತ್ತು ಕಿಲೋಮೀಟರ್ ಓಡ್ತೀನಿ’ ಅಂದರೆ ನಂಬಿ. ಆದರೆ ಗುಡ್ಡದ ಹತ್ತು ಬೇರೆ. ಏರುವಾಗ ಉಸಿರು, ಇಳಿಯುವಾಗ ಮೊಣಕಾಲು. ಇನ್ನು ಬಂಡೆ ಸಂದಿಯಲ್ಲಿ ಹೆಜ್ಜೇನು. ದರೋಜಿಯಲ್ಲಿ ಕರಡಿಗಳಿಗೆಂದೇ ಧಾಮ ಮಾಡಿರುವ ನಾಡಿದು; ನಸುಕಿನಲ್ಲಿ ಕರಡಿ ಗವಿಗೆ ಮರಳುವ ಹೊತ್ತಿಗೇ ನಾವು ಸೀಟಿ ಊದಿ ಓಟ ಶುರು ಮಾಡುತ್ತೇವೆ. ಬೇಸಿಗೆಯಲ್ಲಿ ಒಣಹುಲ್ಲಿನ ಬೆಂಕಿ ಬೇರೆ. 2011ರಲ್ಲಿ ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿ ನೂರು ಕಿಲೋಮೀಟರ್ ಓಟದ ನಡುವೆ ಕಾಳ್ಗಿಚ್ಚು ಬಂದು ಟುರಿಯಾ ಪಿಟ್ ಎಂಬ ಯುವತಿಯ ಮೈಯೆಲ್ಲ ಬೆಂದುಹೋಯಿತು. ಸಂಘಟಕರು ತೆಗೆದುಕೊಳ್ಳಬೇಕಿದ್ದ ಎಚ್ಚರಿಕೆಗಳನ್ನೆಲ್ಲ ತೆಗೆದುಕೊಂಡಿರಲಿಲ್ಲ ಎಂದು ಅಲ್ಲಿನ ಶಾಸನಸಭೆಯ ಸಮಿತಿಯೇ ಹೇಳಿತು. ಚೀನಾದ ಗಾನ್ಸುವಿನಲ್ಲಿ 2021ರ ಮೇ 22ರಂದು 172 ಮಂದಿ ಓಡಲು ಹೊರಟರು. ದಿಢೀರನೆ ಬಂದ ಆಲಿಕಲ್ಲು, ಚಳಿಗಾಳಿಗೆ 21 ಮಂದಿ ಸತ್ತರು. ಆರು ಜನರನ್ನು ಉಳಿಸಿದ್ದು ಒಬ್ಬ ಕುರಿಗಾಹಿ! ನಮ್ಮ ದೇಶದಲ್ಲೇ, 2024ರ ಆಗಸ್ಟಿನಲ್ಲಿ ಜಾರ್ಖಂಡಿನ ಅಬಕಾರಿ ಪೇದೆ ನೇಮಕಾತಿಯ ಓಟದಲ್ಲಿ ಹತ್ತಕ್ಕೂ ಹೆಚ್ಚು ಹುಡುಗರು ಜೀವ ಬಿಟ್ಟರು. ಅದು ಗುಡ್ಡವೂ ಅಲ್ಲ.

ಆದ್ದರಿಂದ ಸಂಕೋಚ ಬಿಟ್ಟು ಕೇಳಿ. ಓಟ ಎಷ್ಟೊತ್ತಿಗೆ ಶುರು, ಎಷ್ಟೊತ್ತಿಗೆ ಮುಗಿಯುತ್ತದೆ? ನೀರು ಎಲ್ಲೆಲ್ಲಿ? ದಾರಿಯಲ್ಲಿ ನಿಲ್ಲುವ ಸ್ವಯಂಸೇವಕರ ಕೈಯಲ್ಲಿ ಫೋನಿದೆಯೇ, ಅಲ್ಲಿ ಸಿಗ್ನಲ್ ಸಿಗುತ್ತದೆಯೇ? ಅರಣ್ಯ ಇಲಾಖೆಯ ಜಾಗವಾದರೆ, ಕೋಟೆ ಗುಡ್ಡವಾದರೆ ಪುರಾತತ್ವ ಇಲಾಖೆಯ ಅನುಮತಿ ತೆಗೆದುಕೊಂಡಿದ್ದೀರಾ? ‘ಆಂಬ್ಯುಲೆನ್ಸ್ ಐತ್ರೀ ಅಕ್ಕಾರ’ ಎಂದಷ್ಟಕ್ಕೆ ಸುಮ್ಮನಾಗಬೇಡಿ. ಬಂಡೆ ನೆತ್ತಿಗೆ ಆಂಬ್ಯುಲೆನ್ಸ್ ಹತ್ತುವುದಿಲ್ಲ. ಅಲ್ಲಿಂದ ಸ್ಟ್ರೆಚರಿನಲ್ಲಿ ಇಳಿಸುವವರು ಯಾರು ಎಂದು ಕೇಳಿ. ಐಸು, ನೀರು ತುಂಬಿಡುವ ದೊಡ್ಡ ಟಬ್ಬು ಇದೆಯೇ ಎಂದೂ ಕೇಳಿ, ನಗುತ್ತಾರೆ, ನಗಲಿ. ಓಡಿ ಬಿಸಿಲು ಬಡಿದು ಮಾತು ತೊದಲುತ್ತಿರುವವರನ್ನು ಮೊದಲು ತಣ್ಣೀರಲ್ಲಿ ತಂಪು ಮಾಡಬೇಕು, ಆಮೇಲೆ ಆಸ್ಪತ್ರೆಗೆ ಸಾಗಿಸಬೇಕು. ಕುರುಗೋಡಿನಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗುವಷ್ಟು ಹೊತ್ತು ಮೈ ಸುಡುತ್ತಲೇ ಇದ್ದರೆ ಪ್ರಾಣಕ್ಕೇ ಅಪಾಯ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ಬಳ್ಳಾರಿಯವರಿಗೆ ಕೋಟೆಯ ಕತೆ ಹೇಳಬೇಕಿಲ್ಲ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿದೆ ಎಂಬುದನ್ನು ನೋಡದೇ ಕಟ್ಟಿದ ಫ್ರೆಂಚ್ ಇಂಜಿನಿಯರನನ್ನು ಹೈದರಾಲಿ ಗಲ್ಲಿಗೇರಿಸಿದನಂತೆ. ಕತೆ ನಿಜವೋ ಸುಳ್ಳೋ, ಈಗಿನ ಕಾನೂನು ಅಷ್ಟು ಕ್ರೂರವಲ್ಲ, ಹಾಗಂತ ಸುಮ್ಮನೆ ಬಿಡುವುದೂ ಇಲ್ಲ. ಕಲ್ಲೆಡವಿ ಕಾಲು ಉಳುಕಿದರೆ ಅದು ಓಡುವವರ ಪಾಲಿನದು. ಆದರೆ ನೀರಿಡದೇ, ದಾರಿ ಗುರುತು ಹಾಕದೇ, ತಲೆ ಎಣಿಸದೇ ಜೀವ ಹೋದರೆ ‘ಸಹಿ ಮಾಡಿದ್ರಲ್ರೀ’ ಎಂಬ ಮಾತು ಸಂಘಟಕರನ್ನು ಕಾಯುವುದಿಲ್ಲ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲಾಗಬಹುದು. ಹದಿನೆಂಟು ತುಂಬದ ಮಕ್ಕಳು ಮಾಡಿದ ಸಹಿಗಂತೂ ಒಪ್ಪಂದದ ಬಲವೇ ಇಲ್ಲ. ಶುಲ್ಕ ಕಟ್ಟಿ ಓಡಿದ್ದರೆ ನೀವು ಗ್ರಾಹಕರು. ಸೇವೆಯಲ್ಲಿ ಲೋಪವೆಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಪುಕ್ಕಟೆ ಓಟಕ್ಕೆ ಈ ದಾರಿಯಿಲ್ಲ, ಆಗ ಪೊಲೀಸ್ ಠಾಣೆ ಮತ್ತು ಸಿವಿಲ್ ಕೋರ್ಟು.

ಹಾಗಾಗಿ ಸಹಿ ಹಾಕಿದ ಫಾರ್ಮಿನ ಫೋಟೊ ತೆಗೆದಿಡಿ. ಹಣ ಕಟ್ಟಿದ ರಸೀದಿ, ಎದೆಗೆ ಅಂಟಿಸುವ ನಂಬರಿನ ಚೀಟಿ, ಸಂಘಟಕರು ಕಳಿಸಿದ ಮೆಸೇಜು, ಯಾವುದನ್ನೂ ಬಿಸಾಕಬೇಡಿ. ಓಟದ ದಿನ ಮಗಳ ಚೀಟಿಯ ಹಿಂಬದಿಯಲ್ಲಿ ನಿಮ್ಮ ಫೋನ್ ನಂಬರು, ರಕ್ತದ ಗುಂಪು, ಉಬ್ಬಸವೋ ಫಿಟ್ಸೋ ಇದ್ದರೆ ಅದನ್ನೂ ಬರೆಯಿರಿ. ಬಾಲ್‌ಪೆನ್ನಿನಲ್ಲೇ ಬರೆಯಿರಿ, ಶಾಯಿ ಬೆವರಿಗೆ ಕಲೆಸಿ ಹೋಗುತ್ತದೆ.