ವೀರಗಲ್ಲು ಮತ್ತು ಜೋಡು: ಕವಚದ ವಿಕಾಸ ಕುರಿತ ಒಂದು ಟಿಪ್ಪಣಿ

ಜಡಿಗೇನಹಳ್ಳಿಯನ್ನು ಒಳಗೊಂಡ ಹೊಸಕೋಟೆ ಸೀಮೆಯು ಗಂಗರ ಆಳ್ವಿಕೆಗೆ ಒಳಪಟ್ಟಿದ್ದ ವೀರಗಲ್ಲುಗಳ ನಾಡು. ತುರುಗೊಳ್ ಕಾಳಗಗಳಲ್ಲಿ ಮಡಿದವರ ಕಲ್ಲುಗಳಲ್ಲಿ ವೀರನು ಸಾಮಾನ್ಯವಾಗಿ ಸೊಂಟದ ಬಟ್ಟೆಯುಟ್ಟು, ಬಿಲ್ಲು ಇಲ್ಲವೆ ಕತ್ತಿ ಹಿಡಿದು ಬರಿಮೈಯಲ್ಲಿ ನಿಂತಿರುತ್ತಾನೆ. ಶಿಲ್ಪದ ಈ ರೂಢಿಯೊಂದನ್ನೇ ನಂಬಿ ಕನ್ನಡ ನಾಡಿನಲ್ಲಿ ಕವಚವೇ ಇರಲಿಲ್ಲವೆಂದು ತೀರ್ಮಾನಿಸುವುದು ಸಾಧುವಲ್ಲ.

ಕವಚಕ್ಕೆ ‘ಜೋಡು’, ಶಿರಸ್ತ್ರಾಣಕ್ಕೆ ‘ಸೀಸಕ’ ಎಂಬ ಪದಗಳು ನಡುಗನ್ನಡ ಕಾವ್ಯಗಳಲ್ಲಿ ಬಳಕೆಯಾಗಿವೆ. ಯುರೋಪಿನಲ್ಲಿ ಉಂಗುರಗಳನ್ನು ಹೆಣೆದ ಸರಪಣಿ ಕವಚದ ಸ್ಥಾನಕ್ಕೆ 14-15ನೆಯ ಶತಮಾನಗಳಲ್ಲಿ ಮೈಯೆಲ್ಲ ಮುಚ್ಚುವ ಉಕ್ಕಿನ ತಗಡುಗಳ ಕವಚ ಬಂದಿತು. ವಿಜಯನಗರದ ಕ್ರಮ ಬೇರೆ. ಸುಮಾರು 1520ರಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಗಟ್ಟಿ ತೊಗಲಿನ ಪದರಗಳಿಗೆ ಕಬ್ಬಿಣದ ತಗಡು ಸೇರಿಸಿದ ಅಂಗಿಗಳನ್ನೂ ಕುತ್ತಿಗೆ ಮುಚ್ಚುವ ಶಿರಸ್ತ್ರಾಣಗಳನ್ನೂ ಕುದುರೆ ಸವಾರರು ತೊಟ್ಟಿದ್ದರೆಂದು ದಾಖಲಿಸಿದ್ದಾನೆ. ಕೆಲವರ ತಗಡುಗಳು ಬೆಳ್ಳಿಯವು.

ಆದುದರಿಂದ ಕವಚದ ವಿಕಾಸವು ಲೋಹವಿದ್ಯೆಯ ಚರಿತ್ರೆ ಮಾತ್ರವಲ್ಲ, ಅದನ್ನು ತೊಡಬಲ್ಲವರು ಯಾರೆಂಬುದರ ಚರಿತ್ರೆಯೂ ಹೌದು. ಅರಸನ ಸವಾರನಿಗೆ ಬದುಕಿದ್ದಾಗಲೇ ಮೈಗಾಪು ದೊರೆಯಿತು. ಊರಿನ ತುರುಗಳಿಗಾಗಿ ಹೋರಾಡಿದವನ ಪಾಲಿಗೆ ಬಂದದ್ದು, ಮಡಿದ ಮೇಲೆ ಮನೆಯವರಿಗೆ ಸಲ್ಲುವ ನೆತ್ತರುಕೊಡಗೆಯ ಭೂಮಿ ಮತ್ತು ಊರ ಮುಂದಿನ ಒಂದು ಕಲ್ಲು.