ಕೋಶಕೇಂದ್ರವನ್ನೇ ಹೊರಹಾಕುವ ಕೋಶ

ಜೀವಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸುವ ಪ್ರಶ್ನೆ ಪ್ರೌಢಶಾಲೆ ದಾಟಿದವರಿಗೆಲ್ಲ ನೆನಪಿರುತ್ತದೆ. ನಡುವೆ ಕೋಶಕೇಂದ್ರ, ಅಲ್ಲಲ್ಲಿ ಮೈಟೊಕಾಂಡ್ರಿಯ, ಚುಕ್ಕಿ ಇಟ್ಟಂತೆ ರೈಬೋಸೋಮ್, ಸುತ್ತಲೂ ಕೋಶಪೊರೆ. ಆದರೆ ನಮ್ಮ ದೇಹದಲ್ಲಿ ಎಣಿಕೆಯಲ್ಲಿ ಉಳಿದೆಲ್ಲ ಕೋಶಗಳನ್ನೂ ಮೀರಿಸುವ ಕೆಂಪು ರಕ್ತಕಣಕ್ಕೆ ಈ ಚಿತ್ರ ಹೊಂದುವುದಿಲ್ಲ. ಅದರಲ್ಲಿ ಕೋಶಕೇಂದ್ರವಿಲ್ಲ, ಮೈಟೊಕಾಂಡ್ರಿಯ ಇಲ್ಲ, ರೈಬೋಸೋಮೂ ಇಲ್ಲ. ಹಾಗಿದ್ದೂ ಅದು ಸುಮಾರು 120 ದಿನ ಬಿಡುವಿಲ್ಲದೆ ದುಡಿಯುತ್ತದೆ. ಕೋಶದ ಯಾವ ಭಾಗ ಏಕೆ ಬೇಕು, ಯಾವ ಅಣು ಏನು ಮಾಡುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕೆಂಪು ರಕ್ತಕಣ ಹುಟ್ಟುವುದು ಮೂಳೆಮಜ್ಜೆಯಲ್ಲಿ. ಆರಂಭದಲ್ಲಿ ಅದೂ ಎಲ್ಲರಂತೆ ಕೋಶಕೇಂದ್ರವುಳ್ಳ ಕೋಶವೇ. ಕೋಶಕೇಂದ್ರದ ಡಿಎನ್‌ಎಯಲ್ಲಿರುವ ಮಾಹಿತಿ ಆರ್‌ಎನ್‌ಎಯಾಗಿ ನಕಲಾಗುತ್ತದೆ. ಆ ನಕಲನ್ನು ಓದಿ ರೈಬೋಸೋಮುಗಳು ಹಿಮೋಗ್ಲೋಬಿನ್ ಎಂಬ ಪ್ರೋಟೀನನ್ನು ಕಟ್ಟುತ್ತವೆ. ಕೋಶ ಹಿಮೋಗ್ಲೋಬಿನ್‌ನಿಂದ ತುಂಬುತ್ತಾ ಬಂದಂತೆ ಕೋಶಕೇಂದ್ರ ಕುಗ್ಗಿ, ಕೊನೆಗೆ ಹೊರಕ್ಕೆ ತಳ್ಳಲ್ಪಡುತ್ತದೆ. ಪಕ್ಕದಲ್ಲೇ ಇರುವ ಭಕ್ಷಕ ಕೋಶಗಳು ಅದನ್ನು ನುಂಗಿಬಿಡುತ್ತವೆ. ರಕ್ತಕ್ಕೆ ಇಳಿದ ಒಂದೆರಡು ದಿನಗಳಲ್ಲಿ ಉಳಿದ ರೈಬೋಸೋಮುಗಳೂ ಮಾಯ. ಇನ್ನು ಮುಂದೆ ಹೊಸ ಪ್ರೋಟೀನ್ ತಯಾರಿ ಇಲ್ಲ. ಬುತ್ತಿ ಕಟ್ಟಿಕೊಂಡು ದೂರದ ದಾರಿ ಹಿಡಿದವರಂತೆ, ಮಜ್ಜೆಯಲ್ಲಿ ತುಂಬಿಕೊಂಡದ್ದರಲ್ಲೇ ಅದು ಬದುಕು ಮುಗಿಸಬೇಕು. ಆರೋಗ್ಯವಂತ ವಯಸ್ಕರ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಇಂಥ ಕಣಗಳನ್ನು ಹೊರಬಿಡುತ್ತದೆ.

ಕೋಶಕೇಂದ್ರ ಹೋದದ್ದರಿಂದ ಲಾಭವೂ ಇದೆ. ಒಳಗೆ ಜಾಗ ಸಿಗುತ್ತದೆ, ಎರಡೂ ಬದಿ ನಡುವೆ ತಗ್ಗಾದ ಬಿಲ್ಲೆಯ ಆಕಾರ ಬರುತ್ತದೆ. 7ರಿಂದ 8 ಮೈಕ್ರೋಮೀಟರ್ ಅಗಲದ ಈ ಬಿಲ್ಲೆ ತನಗಿಂತ ಕಿರಿದಾದ ಲೋಮನಾಳಗಳಲ್ಲೂ ಮಡಚಿಕೊಂಡು ನುಸುಳುತ್ತದೆ. ಹಾಗೆಂದು ಕೋಶಕೇಂದ್ರವಿದ್ದರೆ ಆಮ್ಲಜನಕ ಸಾಗಿಸಲಾಗದು ಎಂದಲ್ಲ. ಹಕ್ಕಿ, ಕಪ್ಪೆ, ಮೀನುಗಳ ಕೆಂಪು ಕಣಗಳಲ್ಲಿ ಕೋಶಕೇಂದ್ರ ಉಳಿದೇ ಇರುತ್ತದೆ. ಅದನ್ನು ಹೊರಹಾಕುವ ದಾರಿ ಹಿಡಿದದ್ದು ಸಸ್ತನಿಗಳು.

ಒಳಗಿನ ಭಾಗಗಳೆಲ್ಲ ಹೋದರೂ ಪೊರೆ ಮಾತ್ರ ಉಳಿಯುತ್ತದೆ. ಆ ಪೊರೆ ಹೇಗಿದೆ ಎಂಬುದನ್ನು ಮೊದಲು ತೋರಿಸಿಕೊಟ್ಟದ್ದೂ ಈ ಕಣವೇ. 1925ರಲ್ಲಿ ನೆದರ್ಲೆಂಡ್ಸ್‌ನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ಕಣಗಳಿಂದ ಲಿಪಿಡ್‌ಗಳನ್ನು, ಎಂದರೆ ಕೊಬ್ಬಿನ ವರ್ಗದ ಅಣುಗಳನ್ನು, ಬೇರ್ಪಡಿಸಿ ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಅದು ಆವರಿಸಿದ ಜಾಗ ಕಣಗಳ ಮೇಲ್ಮೈಗಿಂತ ಸುಮಾರು ಎರಡು ಪಟ್ಟು ಇತ್ತು. ಹಾಗಾದರೆ ಪೊರೆಯಲ್ಲಿ ಲಿಪಿಡ್ ಎರಡು ಪದರವಾಗಿ ಇರಬೇಕು. ಕೆಂಪು ಕಣವನ್ನು ಬಳಸಿದ್ದರಿಂದಲೇ ಈ ಲೆಕ್ಕ ಸಾಧ್ಯವಾಯಿತು: ಒಳಗೆ ಬೇರೆ ಪೊರೆಗಳಿಲ್ಲದ ಕಾರಣ ಸಿಕ್ಕ ಲಿಪಿಡ್ ಎಲ್ಲ ಹೊರಪೊರೆಯದೇ. ಅವರು ಲಿಪಿಡ್ಡನ್ನು ಪೂರ್ತಿ ಹೊರತೆಗೆದಿರಲಿಲ್ಲ, ಕಣದ ಮೇಲ್ಮೈಯನ್ನೂ ಕಡಿಮೆ ಅಳೆದಿದ್ದರು ಎಂದು ಮುಂದೆ ಗೊತ್ತಾಯಿತು. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿದ್ದವು. ತೀರ್ಮಾನ ಮಾತ್ರ ಇಂದಿಗೂ ನಿಂತಿದೆ.

ಮೈಟೊಕಾಂಡ್ರಿಯ ಇಲ್ಲದೆ ಶಕ್ತಿ ಎಲ್ಲಿಂದ? ರಕ್ತದಲ್ಲಿನ ಗ್ಲೂಕೋಸಿನಿಂದ. ಕೆಂಪು ಕಣ ಅದನ್ನು ಆಮ್ಲಜನಕದ ನೆರವಿಲ್ಲದೆ ಅರ್ಧದವರೆಗೆ ಒಡೆಯುತ್ತದೆ. ಒಂದು ಗ್ಲೂಕೋಸ್ ಅಣುವಿಗೆ ದಕ್ಕುವುದು ಎಟಿಪಿ ಎಂಬ ಶಕ್ತಿ ಹೊರುವ ಅಣುಗಳು ಎರಡೇ. ಮೈಟೊಕಾಂಡ್ರಿಯ ಇರುವ ಕೋಶ ಅಷ್ಟೇ ಗ್ಲೂಕೋಸಿನಿಂದ ಸುಮಾರು 30 ಎಟಿಪಿ ಪಡೆಯುತ್ತದೆ. ಗಳಿಕೆ ಚಿಕ್ಕದು, ಆದರೆ ಹೊತ್ತ ಆಮ್ಲಜನಕವನ್ನು ಕಣ ತಾನೇ ಬಳಸಿ ಮುಗಿಸುವುದಿಲ್ಲ.

ಶರ್ಕರಗಳಿಗೆ ಇಲ್ಲಿ ಇನ್ನೊಂದು ಕೆಲಸವೂ ಇದೆ. ನಮ್ಮ ಎ, ಬಿ, ಒ ರಕ್ತದ ಗುಂಪುಗಳನ್ನು ನಿರ್ಧರಿಸುವುದು ಪೊರೆಯ ಹೊರಮೈಯಲ್ಲಿ ಸರಪಳಿಯಾಗಿ ನಿಂತ ಶರ್ಕರ ಅಣುಗಳು. ಎ ಗುಂಪಿಗೂ ಬಿ ಗುಂಪಿಗೂ ಇರುವ ವ್ಯತ್ಯಾಸ ಸರಪಳಿಯ ತುದಿಯ ಒಂದು ಶರ್ಕರದ್ದು; ಒ ಗುಂಪಿನಲ್ಲಿ ಆ ತುದಿಯ ಶರ್ಕರವೇ ಇಲ್ಲ. ತೀರಾ ಅಪರೂಪಕ್ಕೆ ಅದಕ್ಕೂ ಹಿಂದಿನ ಫ್ಯುಕೋಸ್ ಎಂಬ ಶರ್ಕರವೂ ಇರುವುದಿಲ್ಲ. 1952ರಲ್ಲಿ ಭೇಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ ಇದಕ್ಕೆ ಬಾಂಬೆ ರಕ್ತದ ಗುಂಪು ಎಂದೇ ಹೆಸರು. ಈ ಗುಂಪಿನವರಿಗೆ ಒ ಗುಂಪಿನ ರಕ್ತವೂ ಒಗ್ಗದು.

ಇನ್ನು ಪ್ರೋಟೀನ್. ನೀರಿನ ಅಂಶ ತೆಗೆದರೆ ಕೆಂಪು ಕಣದ ತೂಕದಲ್ಲಿ ಶೇ 90ಕ್ಕೂ ಹೆಚ್ಚು ಹಿಮೋಗ್ಲೋಬಿನ್ನಿನದು; ಒಂದು ಕಣದಲ್ಲಿ ಅದರ ಸುಮಾರು 27 ಕೋಟಿ ಅಣುಗಳಿವೆ. ಪ್ರತಿ ಅಣುವೂ ನಾಲ್ಕು ಎಳೆಗಳಲ್ಲಿ ಜೋಡಿಸಿದ 574 ಅಮೈನೋ ಆಮ್ಲಗಳ ಮಡಿಕೆ. ಪ್ರತಿ ಎಳೆಯಲ್ಲೂ ಕಬ್ಬಿಣದ ಒಂದು ಪರಮಾಣು. ಆಮ್ಲಜನಕ ಕೂರುವುದು ಅದರ ಮೇಲೆ. ಒಂದು ಕಡೆ ಆಮ್ಲಜನಕ ಕೂತರೆ ಇಡೀ ಅಣು ಸ್ವಲ್ಪ ಆಕಾರ ಬದಲಿಸಿ ಉಳಿದವಕ್ಕೆ ದಾರಿ ಸುಲಭ ಮಾಡುತ್ತದೆ. ಶ್ವಾಸಕೋಶದಲ್ಲಿ ಬೇಗ ತುಂಬಿಕೊಂಡು, ದುಡಿಯುವ ಸ್ನಾಯುವಿನಲ್ಲಿ ಬೇಗ ಬಿಟ್ಟುಕೊಡುವ ಗುಣ ಬಂದದ್ದು ಹೀಗೆ. ಕೇಂಬ್ರಿಡ್ಜ್‌ನಲ್ಲಿ 1937ರಲ್ಲಿ ಹಿಮೋಗ್ಲೋಬಿನ್ ಕೆಲಸಕ್ಕೆ ಕೈಹಾಕಿದ ಮ್ಯಾಕ್ಸ್ ಪೆರುಟ್ಜ್‌ಗೆ ಅದರ ರಚನೆ ಕಣ್ಣಿಗೆ ಕಟ್ಟುವಷ್ಟು ತಿಳಿಯಲು ಎರಡು ದಶಕಕ್ಕೂ ಮೀರಿ ಹಿಡಿಯಿತು. 1962ರಲ್ಲಿ ಅವರಿಗೂ ಜಾನ್ ಕೆಂಡ್ರೂ ಅವರಿಗೂ ರಸಾಯನವಿಜ್ಞಾನದ ನೊಬೆಲ್ ಬಂತು.

ಡಿಎನ್‌ಎ ಇಲ್ಲದ್ದಕ್ಕೆ ತೆರಬೇಕಾದ ಬೆಲೆ ದಿನ ಕಳೆದಂತೆ ಕಾಣುತ್ತದೆ. ಕೆಟ್ಟ ಪ್ರೋಟೀನಿಗೆ ಬದಲಿ ಇಲ್ಲ, ಹರಿದ ಪೊರೆಗೆ ಪೂರ್ತಿ ರಿಪೇರಿ ಇಲ್ಲ. ರಕ್ತದ ಗ್ಲೂಕೋಸ್ ಹಿಮೋಗ್ಲೋಬಿನ್ನಿಗೆ ಮೆಲ್ಲಗೆ ಅಂಟಿಕೊಳ್ಳುತ್ತ ಹೋಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಬರೆದುಕೊಡುವ, ಜನ ‘ಮೂರು ತಿಂಗಳ ಶುಗರ್’ ಎನ್ನುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಇದನ್ನೇ. ಕೊನೆಗೆ ಬಿರುಸಾದ ಹಳೆಯ ಕಣಗಳನ್ನು ಗುಲ್ಮ ಮತ್ತು ಯಕೃತ್ತಿನ ಭಕ್ಷಕ ಕೋಶಗಳು ಒಡೆಯುತ್ತವೆ. ಕಬ್ಬಿಣ ಮಜ್ಜೆಗೆ ಮರಳುತ್ತದೆ. ಕೆಂಪು ಬಣ್ಣದ ಭಾಗ ಮೊದಲು ಹಸಿರು, ಬಳಿಕ ಹಳದಿ ವಸ್ತುವಾಗಿ ಬದಲಾಗುತ್ತದೆ. ಏಟು ಬಿದ್ದ ಜಾಗ ಕೆಲವು ದಿನಗಳಲ್ಲಿ ಹಸಿರು, ಹಳದಿ ತಿರುಗುವುದು ಇದೇ ಕಾರಣಕ್ಕೆ.

ಹಾಗಿದ್ದರೂ ಹೊರಗೆ ಹೋದ ಡಿಎನ್‌ಎಯ ಹಿಡಿತ ಕಣದ ಮೇಲೆ ಕೊನೆಯತನಕ ಇರುತ್ತದೆ. ಕುಡುಗೋಲು ಕಣ ರಕ್ತಹೀನತೆ ಇದಕ್ಕೆ ಸಾಕ್ಷಿ. ಇದರ ಮೂಲ ಹಿಮೋಗ್ಲೋಬಿನ್ ಅಣುವಿನಲ್ಲೇ ಇದೆ ಎಂದು 1949ರಲ್ಲಿ ಲೈನಸ್ ಪೌಲಿಂಗ್ ತಂಡ ತೋರಿಸಿತು. 1957ರ ಹೊತ್ತಿಗೆ ವೆರ್ನಾನ್ ಇನ್‌ಗ್ರಾಮ್ ತಪ್ಪು ಇರುವ ಜಾಗವನ್ನೇ ಹಿಡಿದರು: 146 ಅಮೈನೋ ಆಮ್ಲಗಳ ಬೀಟಾ ಎಳೆಯಲ್ಲಿ ಆರನೆಯದಾಗಿ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲೀನ್ ಇದೆ. ಡಿಎನ್‌ಎಯಲ್ಲಿ ಇದು ಒಂದೇ ಅಕ್ಷರದ ಬದಲಾವಣೆ. ವ್ಯಾಲೀನ್ ನೀರಿನೊಂದಿಗೆ ಬೆರೆಯಲೊಲ್ಲದು. ಆಮ್ಲಜನಕ ಇಳಿಸಿದ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ನಾರುಗಳಾಗುತ್ತವೆ, ಬಿಲ್ಲೆ ಕುಡುಗೋಲಿನ ಹಾಗೆ ಬಾಗುತ್ತದೆ, ಲೋಮನಾಳ ಕಟ್ಟಿಕೊಳ್ಳುತ್ತದೆ. 120 ದಿನ ಬಾಳಬೇಕಾದ ಕಣ 10ರಿಂದ 20 ದಿನಕ್ಕೇ ಒಡೆಯುತ್ತದೆ.

ಭಾರತದಲ್ಲಿ ಇದು 1952ರಲ್ಲಿ ನೀಲಗಿರಿಯ ಬುಡಕಟ್ಟು ಜನರಲ್ಲಿ ಕಂಡುಬಂತು. ಕರ್ನಾಟಕದಲ್ಲೂ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಸಮುದಾಯಗಳಲ್ಲಿದೆ. ತಂದೆ ತಾಯಿ ಇಬ್ಬರಿಂದಲೂ ಈ ಜೀನ್ ಬಂದರೆ ಮಾತ್ರ ರೋಗ. ಒಬ್ಬರಿಂದ ಬಂದವರು ವಾಹಕರು, ಅವರಿಗೆ ಮಲೇರಿಯಾದ ತೀವ್ರತೆಯಿಂದ ಒಂದಿಷ್ಟು ರಕ್ಷಣೆಯೂ ಉಂಟು. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ ರಕ್ತಪರೀಕ್ಷೆಗೆ ಒತ್ತು ಕೊಟ್ಟಿರುವುದು ಅದಕ್ಕಾಗಿ.

ಅದೇ ವರ್ಷದ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಈ ರೋಗಕ್ಕೆ ಜೀನ್ ತಿದ್ದುವ ಚಿಕಿತ್ಸೆಯನ್ನು ಒಪ್ಪಿದವು. ಅಲ್ಲಿ ಯಾರೂ ಕೆಂಪು ಕಣವನ್ನು ಮುಟ್ಟುವುದಿಲ್ಲ. ತಿದ್ದಲು ಅದರಲ್ಲಿ ಡಿಎನ್‌ಎಯೇ ಇಲ್ಲವಲ್ಲ. ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ತಿದ್ದಿ, ಮತ್ತೆ ದೇಹಕ್ಕೆ ಸೇರಿಸುತ್ತಾರೆ. ಮುಂದೆ ಅವುಗಳಿಂದ ಹುಟ್ಟುವ ಕಣಗಳು ಭ್ರೂಣದ ಕಾಲದ ಹಿಮೋಗ್ಲೋಬಿನ್ನನ್ನು ಹೆಚ್ಚಾಗಿ ತುಂಬಿಕೊಂಡೇ ಹೊರಡುತ್ತವೆ, ನಾರುಗಟ್ಟುವುದು ತಗ್ಗುತ್ತದೆ. ದುಬಾರಿಯಾದ ಈ ಚಿಕಿತ್ಸೆ ಕಾಡಂಚಿನ ಹಾಡಿಗಳವರೆಗೆ ಬರುವುದು ಸದ್ಯಕ್ಕೆ ದೂರದ ಮಾತು. ಆದರೆ ಔಷಧ ಎಲ್ಲಿಗೆ ತಲುಪಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಶಾಲೆಯ ಆ ಚಿತ್ರವನ್ನು ಅರ್ಥಮಾಡಿಕೊಂಡದ್ದರಿಂದಲೇ.